ಚಿಲಕವಿಲ್ಲದ ಬಚ್ಚಲು

ಊರಿನ ಅರ್ಧ ಮನೆಗಳಿಗೆ ಬೀಗ ಕೂರಿಸಿದ ಬೀಗದಪ್ಪ ತನ್ನ ಬಚ್ಚಲಮನೆಯ ಚಿಲಕವನ್ನು ಮಾತ್ರ ತಾನೇ ಕಿತ್ತು ಬಿಸಾಕಿದ್ದ. ಮರೆವಿನ ಕಾಯಿಲೆಯ ಹೆಂಡತಿ ಒಮ್ಮೆ ಒಳಗಿನಿಂದ ಚಿಲಕ ಹಾಕಿಕೊಂಡು, ತೆಗೆಯುವುದು ಹೇಗೆಂದು ತಿಳಿಯದೆ, ಗೋಡೆಗೆ ಹಣೆ ಚಚ್ಚಿಕೊಂಡಿದ್ದಳು. ಅಂದಿನಿಂದ ಆ ಬಾಗಿಲು ಗಾಳಿ ಬೀಸಿದರೂ ತೆರೆದುಕೊಳ್ಳುತ್ತಿತ್ತು.

ಅವಳ ಮೈ ತೊಳೆದು ಬಟ್ಟೆ ಬದಲಿಸಲು ಸಂಬಳಕ್ಕೆ ಬರುತ್ತಿದ್ದ ಹೆಂಗಸಿನ ಕೈ ಮುರಿದಿತ್ತು. ಮುರಿದವಳು ಬೇರೆ ಯಾರೂ ಅಲ್ಲ, ಇವನ ಹೆಂಡತಿಯೇ. ಬಟ್ಟೆಗೆ ಕೈ ಹಾಕಿದ್ದೇ ತಡ, ಆ ಕೈಯನ್ನು ಬಾಗಿಲ ಸಂದಿಗೆ ಸಿಕ್ಕಿಸಿ ಬಾಗಿಲು ದಬ್ಬಿದ್ದಳು. "ನಿಮ್ಮ ಮನೆಗೆ ಬರೋಕೆ ಹೆಂಗಸರು ಯಾರೂ ಒಪ್ತಿಲ್ಲ, ಗಂಡಸನ್ನ ಕಳಿಸಲಾ?" ಎಂದು ಆಳು ಕಳಿಸುವ ಏಜೆನ್ಸಿಯವರು ಫೋನಿನಲ್ಲಿ ಕೇಳಿದರು. ಹೆಂಡತಿ ನಿನ್ನೆಯಿಂದ ಹೇಸಿಗೆಯಲ್ಲೇ ಕೂತಿದ್ದಳು. ಹತ್ತಿರ ಹೋದ ಬೀಗದಪ್ಪನ ಮುಖವೆಲ್ಲ ಪರಚುಗಾಯ. "ಯಾರನ್ನಾದ್ರೂ ಕಳಿಸಿ" ಎಂದುಬಿಟ್ಟ.

ಅಂದವನು ಫೋನಿಟ್ಟು, ಮತ್ತೆ ಎತ್ತಿ, ಮತ್ತೆ ಇಟ್ಟ. ಮದುವೆಯಾದಾಗಿನಿಂದ ಅವಳ ಮೈ ಮುಟ್ಟಿದ ಗಂಡಸು ತಾನೊಬ್ಬನೇ. ಅವಳ ಬೆನ್ನುನೋವಿಗೂ ಲೇಡಿ ಡಾಕ್ಟರನ್ನೇ ಹುಡುಕಿಕೊಂಡು ಊರೆಲ್ಲ ಸುತ್ತಿದ ಆಸಾಮಿ ಅವನು.

ಬಂದವನು ಬಾಗಿಲು ತುಂಬುವಂಥ ಆಳು. ಹೆಸರು ಹೇಳಿದ. ಅದನ್ನು ನೆನಪಿಟ್ಟುಕೊಳ್ಳಲು ಬೀಗದಪ್ಪನಿಗೆ ಮನಸ್ಸಾಗಲಿಲ್ಲ, ಮನಸ್ಸಿನಲ್ಲೇ ಗೂಳಿ ಎಂದು ಕರೆದ. ಗೂಳಿ ಫೋನಿನಲ್ಲಿ ಯಾರನ್ನೋ ಬೈಯುತ್ತಲೇ ಒಳಗೆ ಬಂದ, ವಾಸನೆಗೆ ಮುಖ ಕಿವಿಚಿದ, ಕೈಗವಸು ಹಾಕಿಕೊಂಡ.

"ನಾನೂ ಒಳಗಿರ್ತೀನಿ," ಎಂದ ಬೀಗದಪ್ಪ.

"ಬೇಡ ಯಜಮಾನ್ರೇ. ಇಬ್ಬರು ಗಂಡಸರು ಮುಂದೆ ನಿಂತ್ರೆ ಅಮ್ಮ ಇನ್ನೂ ಹೆದರ್ತಾರೆ. ನೀವು ಹೋಗಿ ಟೀ ಮಾಡಿ."

ತನ್ನ ಮನೆಯಲ್ಲಿ ತನಗೇ ಟೀ ಮಾಡಲು ಹೇಳುವ ದೊರೆ ಎಲ್ಲಿಂದ ಬಂದನಪ್ಪ ಎಂದು ಹಲ್ಲು ಕಡಿಯುತ್ತ ಬೀಗದಪ್ಪ ಒಲೆ ಹಚ್ಚಿದ. ಬಚ್ಚಲಿನಿಂದ ನೀರಿನ ಸದ್ದು ಬಂತು. ಆಮೇಲೆ ಹೆಂಡತಿಯ ಕಿರುಚಾಟ. "ಬಿಡೋ, ಬಿಡೋ ನನ್ನ." ಇಷ್ಟು ವರ್ಷ ಸಂಸಾರ ಮಾಡಿದರೂ ಆ ದನಿಯನ್ನು ಅವನು ಕೇಳಿರಲಿಲ್ಲ. ಓಡಿಹೋಗಿ ಬಾಗಿಲು ತಳ್ಳಿದ. ಬಾಗಿಲು ಅಲುಗಲಿಲ್ಲ.

ಚಿಲಕವೇ ಇಲ್ಲದ ಬಾಗಿಲನ್ನು ಒಳಗಿನಿಂದ ಭದ್ರ ಮಾಡಿಕೊಂಡಿದ್ದಾನೆ ಎಂದರೆ ಇನ್ನೇನು ಅರ್ಥ? ಬೀಗದಪ್ಪನ ತಲೆ ಕೆಟ್ಟಿತು. ಸುತ್ತಿಗೆ ಎತ್ತಿಕೊಂಡು ಬಂದು ಭುಜ ಕೊಟ್ಟು ಗುದ್ದಿದ. ಬಾಗಿಲಿಗೆ ಅಡ್ಡ ಇಟ್ಟಿದ್ದ ಸ್ಟೂಲು ಮುರಿದು ಉರುಳಿತು. ಹೆಂಡತಿ ಮೂಲೆಯಲ್ಲಿ ಬೆತ್ತಲೆಯಾಗಿ ನಿಂತಿದ್ದಳು. ಗೂಳಿಯ ಒಂದು ಕೈ ಅವಳ ಮುಂಗೈಯನ್ನು ಗೋಡೆಗೆ ಒತ್ತಿತ್ತು. ಇನ್ನೊಂದು ಕೈ, ಸೋಪು ಹಚ್ಚಿದ ಬಟ್ಟೆಯೊಂದಿಗೆ, ಅವಳ ತೊಡೆಗಳ ನಡುವೆ ಇತ್ತು.

ಬೀಗದಪ್ಪ ಸುತ್ತಿಗೆ ಬೀಸಿದ. ಏಟು ಹೆಗಲ ಮೂಳೆಗೆ ಬಿತ್ತು. ಗೂಳಿ ನೊರೆಯ ಮೇಲೆ ಜಾರಿ ಕುಸಿದ. ಸುತ್ತಿಗೆ ಕೈತಪ್ಪಿತು, ಆದರೆ ಮುಷ್ಟಿಗಳಿದ್ದವಲ್ಲ. ಎದೆಯ ಮೇಲೆ ಕೂತು ಬಾಯಿಗೆ, ಮೂಗಿಗೆ, ಮತ್ತೆ ಬಾಯಿಗೆ ಗುದ್ದಿದ. ಒಂದು ಹಲ್ಲು ಮುರಿದು ಬೀಗದಪ್ಪನ ಬೆರಳಿಗೇ ಚುಚ್ಚಿತು. ಬಚ್ಚಲ ನೀರು ಕೆಂಪಾಗಿ ಹರಿಯಿತು.

"ಸ್ಟೂಲು ಯಾಕೋ ಇಟ್ಟೆ, ನಾಯಿ?"

"ಬಾಗಿಲು ತೆರ್ಕೊಳ್ತಿತ್ತು." ಗೂಳಿ ರಕ್ತ ಉಗುಳಿದ. "ಅಮ್ಮ ಬರೀ ಮೈಯಲ್ಲೇ ಬೀದಿಗೆ ಓಡ್ತಿದ್ರು."

"ಕೈ ಹಿಡಿದಿದ್ದು?"

"ಕಣ್ಣಿಗೆ ಬೆರಳು ಹಾಕಿದ್ರು, ಹಿಡಿದೆ. ಗಟ್ಟಿಯಾಗೇ ಹಿಡಿದೆ. ನಿಧಾನಕ್ಕೆ ಮಾಡಬೇಕಿತ್ತು, ಮಾಡ್ಲಿಲ್ಲ. ಇನ್ನೊಂದು ಮನೆಗೆ ಹೋಗೋದಿತ್ತು."

ತಾನು ಹೊಡೆಯದಿದ್ದರೂ ಗೂಳಿಯ ಎಡಗಣ್ಣು ಊದಿಕೊಂಡಿದ್ದು ಬೀಗದಪ್ಪನಿಗೆ ಆಗ ಕಂಡಿತು. ಹೆಂಡತಿಯ ಮುಂಗೈ ಮೇಲೆ ಬೆರಳಿನ ಗುರುತು ಕೆಂಪಗೆ ಮೂಡಿದ್ದೂ ಕಂಡಿತು. ಯಾವುದನ್ನು ನಂಬುವುದೋ ತಿಳಿಯದೆ ಎದ್ದು ನಿಂತ. ಏನೇ ಇರಲಿ, ಇನ್ನು ಇವನ ಕೈ ಅವಳ ಮೇಲೆ ಬೀಳಕೂಡದು. ಟವೆಲ್ ಹಿಡಿದು ಅವಳ ಹತ್ತಿರ ಹೋದ.

"ನಾನು ಕಣೇ. ಬಾ, ಒರೆಸ್ತೀನಿ."

ಅವಳು ಚೊಂಬೆತ್ತಿ ಅವನ ಕಿವಿಗೆ ಬಾರಿಸಿದಳು. ಹೇಗಾದರೂ ಟವೆಲ್ ಹೊದಿಸೋಣವೆಂದು ಅವನು ತಬ್ಬಿಕೊಂಡ. ಅವಳು ಅವನ ಕತ್ತಿಗೆ ಬಾಯಿ ಹಾಕಿ ಕಚ್ಚಿದಳು, ಬಿಡಲೇ ಇಲ್ಲ. ನೋವಿಗೆ ಅವನು ಅವಳ ಕೂದಲು ಹಿಡಿದು ದಬ್ಬಿದ. ಅವಳ ತಲೆ ಗೋಡೆಗೆ ಬಡಿಯಿತು.

ಅವಳ ಮೇಲೆ ಅವನು ಒಂದು ದಿನವೂ ಕೈ ಮಾಡಿದವನಲ್ಲ.

ಅವಳು ತೆವಳಿಕೊಂಡು ಹೋಗಿ ನೆಲದಲ್ಲಿ ಕೂತಿದ್ದ ಗೂಳಿಯ ಬೆನ್ನ ಹಿಂದೆ ಮುದುಡಿಕೊಂಡಳು. ತನ್ನ ಮುಂಗೈ ಹಿಸುಕಿದವನು ಯಾರೆಂಬುದು ಅವಳಿಗೆ ಆಗಲೇ ಮರೆತುಹೋಗಿತ್ತು. ಅವನ ಒದ್ದೆ ಅಂಗಿಯನ್ನು ಗಟ್ಟಿಯಾಗಿ ಹಿಡಿದುಕೊಂಡು ಬೀಗದಪ್ಪನನ್ನು ದಿಟ್ಟಿಸಿದಳು.

"ಅಣ್ಣಾ, ಈ ಮನುಷ್ಯನ್ನ ಹೊರಗೆ ಹಾಕು," ಎಂದಳು. "ನಮ್ಮ ಯಜಮಾನ್ರು ಈಗ ಬರ್ತಾರೆ. ಇವನನ್ನ ನೋಡಿದ್ರೆ ಕೊಂದೇಬಿಡ್ತಾರೆ."

ಗೂಳಿ ಏಟು ಬೀಳದ ಕೈಯನ್ನು ಟವೆಲಿಗಾಗಿ ಚಾಚಿದ. ಅವಳು ಕಾಯುತ್ತಿದ್ದ ಗಂಡ ಇನ್ನು ಬರುವವನಲ್ಲ ಎಂಬುದು ಹೊಳೆದು ಬೀಗದಪ್ಪನಿಗೆ ಅಳು ಒತ್ತರಿಸಿ ಬಂತು. ಅಳುತ್ತಲೇ ಟವೆಲನ್ನು ಆ ಕೈಗೆ ಕೊಟ್ಟು ಹೊರಗೆ ನಡೆದ.