ಮುನೀಂದ್ರನ ಮೊದಲ ಶಾಟು

ನಂದಿದುರ್ಗದ ಚಿನ್ನದ ಗಣಿ ಕಾರ್ಮಿಕರ ಲೈನ್‌ಮನೆಯಲ್ಲಿ ದೊಡ್ಡಮ್ಮ ಆದಿಲಕ್ಷ್ಮಮ್ಮನ ಮಡಿಲಲ್ಲಿ ಬೆಳೆದ ಮುನೀಂದ್ರ ಮೊದಮೊದಲು ಎಡಿಟ್ ಮಾಡಿದ್ದು ಮದುವೆ ವೀಡಿಯೊಗಳನ್ನು. ರಾಬರ್ಟ್‌ಸನ್‌ಪೇಟೆಯ ಸ್ಟುಡಿಯೊ ಒಂದರ ಮಹಡಿಯಲ್ಲಿ ಕೂತು, ತಾಳಿ ಕಟ್ಟುವ ಗಂಡಿನ ಬೆವರಿದ ಮುಖದ ಬೆನ್ನಿಗೇ ಊಟದ ಪಂಕ್ತಿಯಲ್ಲಿ ಇನ್ನೊಂದು ಲಾಡುವಿಗೆ ಕೈಚಾಚುವ ಸೋದರಮಾವನನ್ನು ತಂದು ಕೂರಿಸುತ್ತಿದ್ದ. ಬೈಯಲೆಂದು ಬಂದ ಬೀಗರು ನೋಡಿ ನೋಡಿ ನಕ್ಕು, ಇನ್ನೊಂದು ಪ್ರತಿ ಕೇಳಿಕೊಂಡು ಹೋಗುತ್ತಿದ್ದರು.

ಈ ಕೈಚಳಕವೇ ಅವನನ್ನು ಗಾಂಧಿನಗರದ ಎಡಿಟಿಂಗ್ ರೂಮಿಗೆ ಒಯ್ದಿತು. ಕೆಲವು ವರ್ಷಗಳ ನಂತರ ಅವನ ಕೈಗೆ ನಿರ್ಮಾಪಕ ಕಾಂತರಾಜ್ ಅವರ ಸೇಡಿನ ಸಿನಿಮಾ ಬಂತು. ಅದನ್ನು ಒಮ್ಮೆ ಹಾಕಿ ತೋರಿಸಿದಾಗ ಕಾಂತರಾಜ್ ಮನೆಯವರೇ ನಿದ್ದೆ ಹೋಗಿದ್ದರು. ಖಳನಾಯಕ ಮಾತ್ರ ಒಂದೇ ಸಮ ಗುಡುಗುತ್ತಿದ್ದ. ಬೇಸತ್ತ ಮುನೀಂದ್ರ ಪ್ರತಿ ಗುಡುಗಿನ ಹಿಂದೆಯೂ, ಚಿತ್ರೀಕರಣದ ವೇಳೆ ಕ್ಯಾಮೆರಾಕ್ಕೆ ಅಡ್ಡಬಂದಿದ್ದ ಎಮ್ಮೆಯೊಂದರ ಮುಖವನ್ನು ಅಂಟಿಸಿಬಿಟ್ಟ.

ಮುಂದಿನ ಸಲ ಹಾಕಿ ತೋರಿಸಿದಾಗ, “ನಿನ್ನ ವಂಶಾನೇ ಸುಟ್ಟು ಬೂದಿ ಮಾಡ್ತೀನಿ!” ಎಂದ ಖಳ. ಎಮ್ಮೆ ಮೆಲುಕು ಹಾಕುತ್ತಾ ಕಿವಿ ಅಲ್ಲಾಡಿಸಿತು.

“ಯಾರಯ್ಯ ಈ ಎಮ್ಮೆ ಹಾಕಿದ್ದು?” ಕಾಂತರಾಜ್ ಕೆಂಡವಾಗಿ ಎದ್ದು ನಿಂತರು. ಅಷ್ಟರಲ್ಲಿ ಎಮ್ಮೆ ಮತ್ತೆ ಬಂತು. ಅವರ ಹೊಟ್ಟೆ ಕುಲುಕತೊಡಗಿತು. ಕುರ್ಚಿ ಹಿಡಿದು ಕಣ್ಣೊರೆಸಿಕೊಳ್ಳುತ್ತಾ, “ತೆಗೀಬೇಡ ಮಾರಾಯ! ಇನ್ನೂ ಹಾಕು!” ಎಂದರು.

ನಗೆಚಿತ್ರವಾಗಿ ಬಿಡುಗಡೆಯಾದ ಅದು ಊರೂರಲ್ಲಿ ಓಡಿತು. ಮುಂದಿನ ಸಿನಿಮಾ ನಿರ್ದೇಶಿಸುವ ಅವಕಾಶ ಮುನೀಂದ್ರನಿಗೇ ಸಿಕ್ಕಿತು.

ಮೊದಲ ದಿನದ ಶೂಟಿಂಗ್ ಬಂಗಾರಪೇಟೆ ಸ್ಟೇಷನ್ನಿನಲ್ಲಿ. ನಾಯಕ ರೂಪೇಶ್ ರೈಲಿಳಿದು, ಮಾವನನ್ನು ಕಂಡು ಹೆದರಿ ಓಡಬೇಕು. ಕ್ಯಾಮೆರಾ ಚಾಲೂ ಆಯಿತು. ಎಲ್ಲರೂ ಮುನೀಂದ್ರನ ಬಾಯಿ ನೋಡುತ್ತಾ ನಿಂತರು. ಎಡಿಟಿಂಗ್ ರೂಮಿನಲ್ಲಿ ಹೀಗೆ ಯಾರೂ ಅವನ ಬಾಯಿ ನೋಡಿದ್ದಿಲ್ಲ. “ಆ್ಯಕ್ಷನ್” ಎನ್ನಲು ಹೋದರೆ ಗಂಟಲಿಂದ ಬರೀ ಗಾಳಿ ಹೊರಟಿತು.

ಮುದ್ದೆ, ಬಸ್ಸಾರಿನ ಕ್ಯಾರಿಯರ್ ಹಿಡಿದು ಬಂದಿದ್ದ ದೊಡ್ಡಮ್ಮನಿಗೆ ತಡೆಯಲಾಗಲಿಲ್ಲ. “ಏನ್ಲಾ, ಬಾಯಾಗ್ ಕಡುಬು ಇಟ್ಕಂಡಿದೀಯಾ? ಓಡ್ಸಲಾ ಆ ಉಡ್ಗನ್ನ!”

ಅದನ್ನೇ ಅಪ್ಪಣೆ ಎಂದುಕೊಂಡ ರೂಪೇಶ್ ಕಿತ್ತನಲ್ಲ ಓಟ! ಗುರುತು ಹಾಕಿದ ಜಾಗ ದಾಟಿದ, ಟೀ ಅಂಗಡಿ ದಾಟಿದ. ಬೆಂಚಿನ ಮೇಲಿದ್ದ ಪ್ರಯಾಣಿಕನೊಬ್ಬ ಕಳ್ಳನೆಂದು ತಿಳಿದು, “ಇಡ್ಕೊಳ್ರೀ ಅವನ್ನ!” ಎಂದು ಬೆನ್ನು ಹತ್ತಿದ. ಅವನ ಹಿಂದೆ ಅರ್ಧ ಪ್ಲಾಟ್‌ಫಾರಂ ಓಡಿತು. ಕ್ಯಾಮೆರಾ ಹೊತ್ತ ಪೆರುಮಾಳ್, “ಐಯೋ, ನಿಲ್ಲಪ್ಪಾ ಸಾಮಿ!” ಎನ್ನುತ್ತಾ ತಾನೂ ಓಡಿದ. ದೊಡ್ಡಮ್ಮ ಸೆರಗು ಸಿಕ್ಕಿಸಿಕೊಂಡು ಎಲ್ಲರನ್ನೂ ಹಿಂದೆ ಹಾಕಿದಳು.

“ಕಟ್” ಎನ್ನಲು ಮುನೀಂದ್ರನಿಗೆ ಆಗಲೂ ಆಗಲಿಲ್ಲ. ಈ ಸಲ ಹೆದರಿಕೆಯಿಂದಲ್ಲ. ನಕ್ಕು ನಕ್ಕು ಅವನು ನೆಲಕ್ಕೆ ಕೂತಿದ್ದ.

ಕೊನೆಗೆ ದೊಡ್ಡಮ್ಮನೇ ನಾಯಕನ ಕಾಲರ್ ಹಿಡಿದು ನಿಲ್ಲಿಸಿದಳು. “ಎಲ್ಲಿಗ್ಲಾ ಓಯ್ತೀಯ? ಮುದ್ದೆ ಆರೋಯ್ತದೆ, ಉಣ್ಣಾಕ್ ಬಾ!”

ಊರಿನ ಅರ್ಧ ಮದುವೆಗಳನ್ನು ಕತ್ತರಿಸಿದ್ದ ಮುನೀಂದ್ರ ಆ ಓಟದಲ್ಲಿ ಒಂದು ಫ್ರೇಮನ್ನೂ ಮುಟ್ಟಲಿಲ್ಲ. ಸಿನಿಮಾ ಶುರುವಾಗುವುದೇ ಅದರಿಂದ. ಬಿಡುಗಡೆಯ ದಿನ ಊರಿನ ಥಿಯೇಟರಿನಲ್ಲಿ ರೂಪೇಶನಿಗಿಂತ ದೊಡ್ಡಮ್ಮನಿಗೇ ಹೆಚ್ಚು ಶಿಳ್ಳೆ ಬಿತ್ತು. ಹೊರಗೆ ತಮಟೆ ಶುರುವಾಯಿತು. ಜನ ಮುನೀಂದ್ರನನ್ನು ಹೆಗಲ ಮೇಲೆ ಎತ್ತಿ ಕುಣಿಸಿದರು. ಒಂದು ಚಪ್ಪಲಿ ಎಲ್ಲೋ ಹಾರಿಹೋಯಿತು. ಅವನು ಇನ್ನೊಂದನ್ನೂ ತಾನೇ ಕಿತ್ತು ಎಸೆದ.

“ಮುಂದಿನ ಪಿಚ್ಚರ್‌ನಾಗೆ ನಂಗೆ ಕೂತ್ಕಳ್ಳೋ ಪಾರ್ಟು ಕೊಡ್ಲಾ, ಮೊಣಕಾಲು ನೋಯ್ತದೆ!” ಎಂದು ಕೂಗಿದ ದೊಡ್ಡಮ್ಮ, ತಮಟೆ ಜೋರಾದದ್ದೇ ತಡ, ಸೆರಗು ಬಿಗಿದು ಕುಣಿಯಲು ನುಗ್ಗಿದಳು.