ಹೊಟ್ಟೆಯಡಿಯ ನೆರಳು

ಇದು ಕುರಿಗಳ ಕಥೆ. ಭಾನುವಾರ ಇಸ್ತ್ರಿ ಮಾಡಿದ ಬಟ್ಟೆ ಹಾಕಿಕೊಂಡು ಚರ್ಚಿಗೆ ಹೋಗುತ್ತ, ದಾರಿಯಲ್ಲಿ ದೀಕ್ಷಾಸ್ನಾನವನ್ನು ಬೇರೆ ಬಗೆಯಲ್ಲಿ ಮಾಡುವ ಇನ್ನೊಂದು ಚರ್ಚಿನವರು ಎದುರಾದರೆ ಮುಖ ತಿರುಗಿಸುವ ನನ್ನ ಬಂಧುಗಳು ಯಾರಾದರೂ ‘ಇದು ನಮ್ಮನ್ನೇ ಕುರಿತು ಬರೆದದ್ದು’ ಎಂದು ಸಿಟ್ಟಾದರೆ ನನ್ನ ಹತ್ತಿರ ಒಂದೇ ಉತ್ತರವಿದೆ. ನಿಮಗೆ ಕೊಂಬಿದೆಯೇ, ಮುಟ್ಟಿ ನೋಡಿಕೊಳ್ಳಿ. ಇಲ್ಲದಿದ್ದರೆ ಸುಮ್ಮನೆ ಓದಿ.

ಒಂದಾನೊಂದು ಎರೆಮಣ್ಣಿನ ಸೀಮೆ. ಕಣ್ಣು ಹಾಯಿಸಿದಷ್ಟು ದೂರವೂ ಬಯಲೇ, ಮರ ಎನ್ನುವುದು ಹೆಸರಿಗೂ ಇಲ್ಲ. ಅಲ್ಲಿ ಒಬ್ಬ ಕುರುಬನಿಗೆ ನೂರು ಕುರಿಗಳಿದ್ದವು. ಬೇಸಿಗೆಯ ಮಟಮಟ ಮಧ್ಯಾಹ್ನ ಕುರಿಗಳು ಏನು ಮಾಡುತ್ತವೆ ಎಂಬುದನ್ನು ನೀವು ನೋಡಿರಬಹುದು. ಒತ್ತೊತ್ತಾಗಿ ನಿಂತು, ಒಂದರ ಹೊಟ್ಟೆಯಡಿ ಇನ್ನೊಂದು ತಲೆ ತೂರಿಸಿ, ಬಿಸಿಲು ಇಳಿಯುವ ತನಕ ಹಾಗೇ ಇದ್ದುಬಿಡುತ್ತವೆ. ದೂರದಿಂದ ನೋಡಿದವರಿಗೆ ಒಂದು ತಲೆಯೂ ಕಾಣುವುದಿಲ್ಲ, ಬರೀ ಉಣ್ಣೆಯ ರಾಶಿ. ಇದನ್ನು ಅವಕ್ಕೆ ಯಾರೂ ಕಲಿಸಿದ್ದಲ್ಲ, ಅಜ್ಜಿಯರ ಕಾಲದಿಂದ ನಡೆದು ಬಂದದ್ದು.

ಉಣ್ಣೆ ಕತ್ತರಿಸುವ ಮುಂಚೆ ಕುರಿಗಳ ಮೈ ತೊಳೆಯಬೇಕು. ಆ ವರ್ಷ ಹಳ್ಳದಲ್ಲಿ ನೀರು ಕಡಿಮೆ. ಕುರುಬ ಮೊದಲು ಬಂದ ಕುರಿಗಳನ್ನು ಮಡುವಿನಲ್ಲಿ ಪೂರ್ತಿ ಮುಳುಗಿಸಿ ಎತ್ತಿದ. ಅರ್ಧ ಹಿಂಡು ಮುಗಿಯುವಷ್ಟರಲ್ಲಿ ಮಡು ರಾಡಿಯಾಯಿತು. ಉಳಿದವನ್ನು ದಡದಲ್ಲೇ ನಿಲ್ಲಿಸಿ, ಕೊಡದಲ್ಲಿ ತೆಗೆದಿಟ್ಟಿದ್ದ ತಿಳಿನೀರನ್ನು ತಲೆಗೆ ಚಿಮುಕಿಸಿದ. ಎಲ್ಲವನ್ನೂ ಒಂದೇ ಕಂಬಳಿಯಿಂದ ಒರೆಸಿ, ಒಂದೇ ಅಂಗೈಯಿಂದ ಉಪ್ಪು ನೆಕ್ಕಿಸಿದ. ಮೋಟುಗಿವಿ ಎಂಬ ಗಬ್ಬದ ಕುರಿಯ ಸರದಿ ಬಂದದ್ದು ಮಾತ್ರ ಸರಿಯಾಗಿ ನಡುವೆ. ಅವಳ ನಾಲ್ಕು ಕಾಲು ನೀರಿಗಿಳಿದ ಮೇಲೆ ಅವನಿಗೆ ರಾಡಿ ಕಂಡಿತು. ಮೇಲೆತ್ತಿಕೊಂಡು ತಲೆಗೆ ಕೊಡದ ನೀರು ಹಾಕಿ ಕಳಿಸಿದ.

ಅಂದು ಸಂಜೆ ಎಣಿಸಿದಾಗ ತೊಂಬತ್ತೊಂಬತ್ತೇ ಇದ್ದವು. ಕುರುಬ ಕೋಲು ತೆಗೆದುಕೊಂಡ. “ಒಬ್ರಿಗೊಬ್ರು ಆಸರ ಆಗಿ ಇರ್ರಿ. ಆಕಿನ್ನ ಹುಡುಕ್ಕೊಂಡು ಬರ್ತೀನಿ,” ಎಂದು ಹೇಳಿ ಬಯಲಿನಾಚೆ ಹೊರಟುಹೋದ.

ಅವನ ಬೆನ್ನು ಮರೆಯಾಗುವ ಮೊದಲೇ ಜಗಳ ಶುರುವಾಯಿತು. ಕಳೆದುಹೋದವಳು ಯಾವ ಬಗೆಯವಳು ಎಂಬುದೇ ಪ್ರಶ್ನೆ.

“ಚಿಮುಕಿಸ್ಕೊಂಡಾಕಿ ಇರಬೇಕು,” ಎಂದ ಡೊಂಕುಗೊಂಬ. ಇವನು ಮಡುವಿನಲ್ಲಿ ಎಲ್ಲರಿಗಿಂತ ಮೊದಲು ಮುಳುಗಿದ ಟಗರು. “ನಾಕ ಹನಿ ನೀರಿನಾಗ ಏನ್ ಬುದ್ಧಿ ಬರ್ತೈತಿ? ಅದಕ್ಕ ದಾರಿ ತಪ್ಪ್ಯಾಳ.”

“ಮುಳುಗಿದಾಕಿನ ಇರಬೇಕರಿ ಅಣ್ಣಾ,” ಎಂದಳು ಚುಕ್ಕಿಮೂತಿ. ಇವಳು ಚಿಮುಕಿಸಿಕೊಂಡವರಲ್ಲಿ ಹಿರಿಯಳು, ಮಾತಿನಲ್ಲಿ ಮರ್ಯಾದೆ ಬಿಟ್ಟವಳಲ್ಲ. “ಕಿವ್ಯಾಗ ನೀರ ಹೋಗಿತ್ತು. ಅವ ಕರದದ್ದು ಆಕಿಗೆ ಕೇಳ್ಸಿಲ್ಲ.”

ಹಿಂಡು ಎರಡಾಯಿತು. ಕುರುಬ ಹೋಗುವಾಗ ಹೇಳಿದ ಮಾತನ್ನು ಮಾತ್ರ ಎರಡೂ ಕಡೆಯವರು ಒಂದಕ್ಷರ ತಪ್ಪದೆ ನೆನಪಿಟ್ಟಿದ್ದರು. ‘ಒಬ್ರಿಗೊಬ್ರು ಆಸರ ಆಗಿ ಇರ್ರಿ’ ಎಂದು ಬೆಳಿಗ್ಗೆ ಮತ್ತು ಸಂಜೆ ಗಟ್ಟಿಯಾಗಿ ಹೇಳಿಕೊಳ್ಳುತ್ತಿದ್ದರು, ಒಬ್ಬರಿಗೊಬ್ಬರು ಬೆನ್ನು ಹಾಕಿ ನಿಂತು. ಇದರ ನಡುವೆ ಕೆಲವು ಕುರಿಗಳಿಗೆ ನೀರಿನ ಮಾತೇ ಬೇಡವೆನಿಸಿತು. ಜೋರಾಗಿ ಕೂಗಿದರಷ್ಟೇ ಕುರುಬ ಬೇಗ ಬರುತ್ತಾನೆಂದು ಅವು ಹಗಲೆಲ್ಲ ಅರಚತೊಡಗಿದವು. ಮೂರನೆಯ ಪಂಗಡವಾಯಿತು.

ಒಡೆಯುವುದು ಒಮ್ಮೆ ರೂಢಿಯಾದರೆ ನಿಲ್ಲಿಸುವವರು ಯಾರು? ಮರುದಿನ ಮುಳುಗಿದವರಲ್ಲಿ ಕಣ್ಣು ಮುಚ್ಚಿ ಮುಳುಗಿದವರು ಕಣ್ಣು ಬಿಟ್ಟು ಮುಳುಗಿದವರನ್ನು ಹೊರಗಿಟ್ಟರು. ಚಿಮುಕಿಸಿಕೊಂಡವರಲ್ಲಿ ಮೂರು ಸಲವೋ ಒಂದೇ ಸಲವೋ ಎಂದು ವಾದ ಹತ್ತಿತು. ಕೂಗುವವರು ರಾಗಕ್ಕೆ ಜಗಳವಾಡಿದರು. ಯಾರ ಹೊಟ್ಟೆಯಡಿ ತಲೆ ಬಗ್ಗಿಸಿದರೂ ಅವರ ಮಾತು ಒಪ್ಪಿಕೊಂಡಂತೆ ಎಂದು ತೀರ್ಮಾನವಾದ್ದರಿಂದ ಯಾರೂ ಯಾರ ಹತ್ತಿರವೂ ಸುಳಿಯಲಿಲ್ಲ. ಮೂರನೆಯ ದಿನಕ್ಕೆ ತೊಂಬತ್ತೊಂಬತ್ತು ಕುರಿಗಳಿಗೆ ತೊಂಬತ್ತೊಂಬತ್ತು ಪಂಗಡಗಳಾಗಿದ್ದವು.

ಇಷ್ಟು ಹೊತ್ತು ನಗುತ್ತಲೇ ಬರೆದೆ. ಮೋಟುಗಿವಿಯ ವಿಷಯಕ್ಕೆ ಬಂದರೆ ನಗು ಬರುವುದಿಲ್ಲ. ಕುರುಬ ಹೋದ ಮರುದಿನ ನಸುಕಿನಲ್ಲೇ ಅವಳು ಈದಿದ್ದಳು. ಮೈಯಲ್ಲಿ ಶಕ್ತಿಯಿಲ್ಲ, ಕೆಳಗೆ ಹಸಿ ಮರಿ. ಇನ್ನೂ ಎರಡೇ ಪಂಗಡವಿದ್ದಾಗ ಅವಳು ಮೊದಲು ಡೊಂಕುಗೊಂಬನ ಕಡೆಗೆ ಹೋಗಿ ನೆರಳು ಬೇಡಿದ್ದಳು.

“ನಿನ್ನ ತಲಿ ಮುಳುಗಿತ್ತೇನವಾ?” ಎಂದು ಅವನು ಕೇಳಿದ.

“ಇಲ್ಲರಿ ಅಣ್ಣಾ, ಕಾಲಷ್ಟ.”

“ಹಂಗಾರ ಕಾಲಷ್ಟ ಒಳಗಿಡು. ತಲಿ ಹೊರಗಿರಲಿ.”

ಅವಳು ಚುಕ್ಕಿಮೂತಿಯ ಹತ್ತಿರ ಹೋದಳು. ಚುಕ್ಕಿಮೂತಿಗೆ ಕನಿಕರವೇನೋ ಬಂತು. “ತಲಿ ನಮ್ಮದು, ಖರೆ ಐತಿ ತಂಗಿ. ಆದ್ರ ಕಾಲು ಅವರದಾತಲ್ಲ. ಜನ ಏನಂತಾರ?” ಎಂದು ನಿಟ್ಟುಸಿರು ಬಿಟ್ಟಳು. ಮೋಟುಗಿವಿ ಎರಡರ ನಡುವಿನ ಬಯಲಿಗೆ ಬಂದು, ಮರಿಯನ್ನು ತನ್ನ ಹೊಟ್ಟೆಯಡಿ ನಿಲ್ಲಿಸಿಕೊಂಡು, ತಾನು ಬಿಸಿಲಿಗೆ ತಲೆಯೊಡ್ಡಿ ನಿಂತಳು.

ಮೂರನೆಯ ದಿನದ ಮಧ್ಯಾಹ್ನ ಕೆಂಡದಂತೆ ಬಂತು. ಕೂಗುವವರ ಗಂಟಲು ಒಣಗಿ ಸದ್ದಡಗಿತು. ಪ್ರತಿಯೊಂದು ಕುರಿಯ ಕೆಳಗೂ ಒಳ್ಳೆಯ ನೆರಳಿತ್ತು, ಪ್ರತಿಯೊಂದರ ತಲೆಯೂ ಬಿಸಿಲಲ್ಲಿತ್ತು. ಡೊಂಕುಗೊಂಬನಿಗೆ ಒಂದು ಉಪಾಯ ಹೊಳೆಯಿತು. ತನ್ನ ನೆರಳಿಗೆ ತಾನೇ ಸೇರಿಕೊಂಡರೆ ಯಾರ ಹಂಗೂ ಬೇಡವಲ್ಲ! ಮುಂಗಾಲುಗಳ ನಡುವೆ ಕುತ್ತಿಗೆ ತೂರಿಸಿ ತಲೆಯನ್ನು ತನ್ನ ಹೊಟ್ಟೆಯ ಕಡೆಗೆ ಎಳೆದುಕೊಂಡ. ಕೊಂಬು ಮಣ್ಣಿಗೆ ಸಿಕ್ಕಿ ಲಾಗ ಹೊಡೆದು ಬೆನ್ನ ಮೇಲೆ ಬಿದ್ದ. ಎದ್ದವನು ಸುತ್ತಲೂ ನೋಡಿ, “ಮೊಣಕಾಲೂರಿ ಪ್ರಾರ್ಥನಿ ಮಾಡಾಕತ್ತಿದ್ದೆ,” ಎಂದ. ಏನಾಯಿತೆಂದು ಯಾರೂ ಕೇಳಿರಲಿಲ್ಲ.

ಆಗಲೇ ಚುಕ್ಕಿಮೂತಿಯ ಕಣ್ಣಿಗೆ ಮೋಟುಗಿವಿ ಬಿದ್ದಳು. ಅವಳ ಕಾಲುಗಳು ನಡುಗುತ್ತಿದ್ದವು, ನಾಲಿಗೆ ಹೊರಗೆ ಬಂದಿತ್ತು. ಕುಸಿದರೆ ಮರಿಯ ಮೇಲೆಯೇ ಕುಸಿಯುತ್ತಾಳೆ. ಅದು ಗೊತ್ತಿದ್ದೇ ಅವಳು ಕುಸಿಯದೆ ನಿಂತಿದ್ದಳು. ಚುಕ್ಕಿಮೂತಿ ಒಂದು ಕ್ಷಣ ಆ ಕಡೆ ಈ ಕಡೆ ನೋಡಿದಳು. ಆಮೇಲೆ ಹೋಗಿ ಅವಳಿಗೆ ಅಡ್ಡವಾಗಿ ನಿಂತಳು.

“ತಲಿ ಹಾಕು ತಂಗಿ.”

“ನಾ ಅರ್ಧ ಮುಳುಗಿದಾಕಿ, ಅಕ್ಕಾ.”

“ಗೊತ್ತೈತಿ. ಹಾಕು.”

ಮೋಟುಗಿವಿ ತಲೆ ಬಗ್ಗಿಸಿದಳು. ಅವಳ ನಡುಕ ನಿಂತಿತು. ಆದರೆ ಚುಕ್ಕಿಮೂತಿಯ ತಲೆ ಸುಡುತ್ತಿತ್ತು. ಈಗ ಅವಳು ಸರಿಯುವಂತೆಯೂ ಇರಲಿಲ್ಲ, ಸರಿದರೆ ತಾಯಿ ಬೀಳುತ್ತಾಳೆ, ತಾಯಿ ಬಿದ್ದರೆ ಮರಿ ಹೋಗುತ್ತದೆ. ಪಕ್ಕದಲ್ಲಿದ್ದವನು ಡೊಂಕುಗೊಂಬ ಒಬ್ಬನೇ.

“ಅಣ್ಣಾ, ನಿಮ್ಮ ಹೊಟ್ಟಿ ಕೆಳಗ ಯಾರರ ಇದಾರೇನ್ರಿ?”

“ಯಾರೂ ಇಲ್ಲ. ಮೊದಲ ನಿಂದ ತಪ್ಪಾತು ಅನ್ನು.”

“ತಪ್ಪಾತೋ ಇಲ್ಲೋ ಸಂಜಿಗೆ ಹೇಳ್ತೀನ್ರಿ. ಈಗ ಈ ಕಡೆ ಸರೀರಿ.”

ಡೊಂಕುಗೊಂಬ ಉತ್ತರ ಹುಡುಕುತ್ತಲೇ ಸರಿದ. ಅವಳ ತಲೆ ಅವನ ಹೊಟ್ಟೆಯಡಿ ಹೋಯಿತು. ಅವನ ತಲೆಗೆ ಈಗ ಹತ್ತಿರದಲ್ಲಿದ್ದ ನೆರಳೆಂದರೆ ಮೋಟುಗಿವಿಯ ಹೊಟ್ಟೆಯಡಿಯದೇ, ಕಾಲಷ್ಟೇ ಮುಳುಗಿದವಳದು. ಅವನಿಗೆ ಕಣ್ಣು ಕತ್ತಲೆ ಬರುತ್ತಿತ್ತು. ಆ ದೊಡ್ಡ ಕೊಂಬುಗಳನ್ನು ಓರೆ ಮಾಡಿ, ಮರಿಗೆ ತಾಗದಂತೆ ಮೆಲ್ಲಗೆ ತಲೆ ಒಳಗಿಟ್ಟ. ಮರಿ ಅವನ ಮೂಗಿಗೆ ಒಂದು ಒದೆ ಕೊಟ್ಟು ಜಾಗ ಬಿಟ್ಟಿತು. ಅವನಿಗೆ ಅಳು ಬಂತು, ಬಿಸಿಲಿನಿಂದ ಅಲ್ಲ. ತಲೆ ಒಳಗಿದ್ದುದರಿಂದ ಯಾರಿಗೂ ಕಾಣಲಿಲ್ಲ.

ಇದನ್ನು ನೋಡಿ ಒಂದೊಂದೇ ಕುರಿ ಬಂದು ಸೇರಿತು. ಸೇರಿದವರಿಗೆ ಕಾಣುತ್ತಿದ್ದದ್ದು ಕಾಲು ಮತ್ತು ಮಣ್ಣು ಮಾತ್ರ. ಕಾಲು ನೋಡಿ ಯಾರು ಮುಳುಗಿದವರು, ಯಾರು ಚಿಮುಕಿಸಿಕೊಂಡವರು ಎಂದು ಹೇಳಲು ಬರುವುದಿಲ್ಲ.

ಬಿಸಿಲು ಇಳಿಯುವ ಹೊತ್ತಿಗೆ ಕುರುಬ ಬಂದ. ದೂರದಿಂದಲೇ ತಲೆಯಿಲ್ಲದ ರಾಶಿಯನ್ನು ಕಂಡು, ಎಲ್ಲರೂ ಚೆನ್ನಾಗಿದ್ದಾರೆ ಎಂದು ಹೆಗಲ ಮೇಲಿದ್ದ ಕುರಿಗೆ ಹೇಳಿದ. ಅವಳನ್ನು ಕೆಳಗಿಳಿಸಿದ್ದೇ ತಡ, ಎಲ್ಲರೂ ಸುತ್ತ ನೆರೆದರು.

“ಖರೆ ಹೇಳವಾ,” ಎಂದ ಡೊಂಕುಗೊಂಬ, “ನೀ ಮುಳುಗಿದಾಕಿಯೋ, ಚಿಮುಕಿಸ್ಕೊಂಡಾಕಿಯೋ?”

“ಎರಡೂ ಇಲ್ಲರಿ. ಮೈ ತೊಳಿಯೂಕಿಂತ ಮೊದಲ ತಪ್ಪಿಸ್ಕೊಂಡಿದ್ದೆ.”

ಆಮೇಲೆ ಚುಕ್ಕಿಮೂತಿ, “ಮೂರ ದಿನ ಒಬ್ಬಾಕೀನ ಬಿಸಲಾಗ ಹೆಂಗ ಇದ್ದಿ?” ಎಂದು ಕೇಳಿದಳು.

“ಆಡಿನ ಹಿಂಡಿನಾಗ ನಿಂತಿದ್ದೆ ಅಕ್ಕಾ.”

“ಆಡು!” ಡೊಂಕುಗೊಂಬನಿಗೆ ನಂಬಲಾಗಲಿಲ್ಲ. “ಅವಕ್ಕ ನಮ್ಮ ಕುರುಬ ಯಾರಂತನೂ ಗೊತ್ತಿಲ್ಲ. ನಿನ್ನ ಏನೂ ಕೇಳಲಿಲ್ಲೇನು?”

“ಕೇಳಿದ್ರಲ್ಲ. ‘ಭಾಳ ಬಿಸಲೈತಿ, ಒಳಗ ಬರ್ತಿಯೇನು’ ಅಂತ ಕೇಳಿದ್ರು.”

ಮರುದಿನ ಬೆಳಿಗ್ಗೆ ಕುರುಬ ಹೊಸ ಮರಿಯನ್ನು ಎತ್ತಿಕೊಂಡ. ಒದ್ದೆ ಕೈಯಿಂದ ಅದರ ಮುಖ ಒರೆಸಿ, ಅಂಗೈಯಲ್ಲಿ ಉಳಿದ ನೀರನ್ನು ಕುಡಿಸಿ ಕೆಳಗೆ ಬಿಟ್ಟ. ಹಿಂಡು ಕಣ್ಣರಳಿಸಿ ನೋಡಿತು. ಇದು ಮುಳುಗಿಸಿದ್ದಲ್ಲ, ಚಿಮುಕಿಸಿದ್ದೂ ಅಲ್ಲ. ಹಾಗಾದರೆ ಕುಡಿಸಿಕೊಂಡವರೇ ಸರಿಯೇ? ಜಗಳ ಹೊಸದಾಗಿ, ಬಲು ಹುರುಪಿನಿಂದ ಶುರುವಾಯಿತು. ಡೊಂಕುಗೊಂಬ ಮಡುವಿನ ಮಹಿಮೆ ಹೇಳುತ್ತ ಒಳ್ಳೆ ಘಟ್ಟಕ್ಕೆ ಬಂದಿದ್ದ, ಅಷ್ಟರಲ್ಲಿ ಸೂರ್ಯ ನೆತ್ತಿಗೆ ಬಂದ.

“ಉಳದದ್ದು ಸಂಜಿಗೆ,” ಎಂದ ಅವನು. “ತಲಿ ಬಗ್ಗಸ್ರಿ.”

ಎಲ್ಲ ತಲೆಗಳೂ ಒಳಗೆ ಹೋದವು. ಅವನು ಮೋಟುಗಿವಿಯ ಹೊಟ್ಟೆಯಡಿ ಮರಿಯ ಪಕ್ಕದಲ್ಲಿ, ಚುಕ್ಕಿಮೂತಿ ಅವನ ಹೊಟ್ಟೆಯಡಿ. ಸ್ವಲ್ಪ ಹೊತ್ತಿಗೆ ಹೊರಗೆ ಯಾವುದೋ ಗೊರಸಿನ ಸದ್ದು ಕೇಳಿಸಿತು.

“ಯಾರ ಅದು?” ಎಂದು ಡೊಂಕುಗೊಂಬ ಒಳಗಿನಿಂದಲೇ ಕೇಳಿದ.

“ನಾನರಿ. ದಾರಿ ತಪ್ಪೇನಿ.”

ಹಳೆಯ ಪ್ರಶ್ನೆ ಅವನ ನಾಲಿಗೆಯ ತುದಿಗೆ ಬಂತು. ಮರಿ ಮತ್ತೆ ಅವನ ಮೂಗಿಗೆ ಒದೆಯಿತು.

“ಭಾಳ ಬಿಸಲೈತಿ,” ಎಂದ ಅವನು, “ಒಳಗ ಬಾ.”

ಬಂದವನು ಚುಕ್ಕಿಮೂತಿಯ ಪಕ್ಕಕ್ಕೆ ತಲೆ ತೂರಿಸಿದ. ಡೊಂಕುಗೊಂಬನ ಹೊಟ್ಟೆಗೆ ಏನೋ ಕಚಗುಳಿ ಇಟ್ಟಂತಾಯಿತು.

“ಅಣ್ಣಾ,” ಎಂದು ಚುಕ್ಕಿಮೂತಿ ಪಿಸುಗುಟ್ಟಿದಳು, “ಇವಂಗ ಗಡ್ಡ ಐತ್ರಿ.”

“ಗೊತ್ತೈತಿ ತಂಗೆವ್ವ. ಸಂಜೀತನಕ ಸುಮ್ನಿರು.”

ಕಚಗುಳಿ ತಡೆಯುವುದು ಕಷ್ಟವಾಗಿತ್ತು. ಆದರೂ ಅವನು ಅಲುಗಾಡಲಿಲ್ಲ, ಅಲುಗಾಡಿದರೆ ಕೆಳಗಿದ್ದವರ ತಲೆಗೆ ಬಿಸಿಲು ಬೀಳುತ್ತಿತ್ತು.