ಗೂಟ ಬದಲಿಸಿದ ಗ್ರಾಮಸೇವಕ

ಗ್ರಾಮಸೇವಕ ನಲ್ಲಪ್ಪನವರು ಸಮತಟ್ಟಾದ ರಸ್ತೆಯಲ್ಲೂ ಇಳಿಜಾರನ್ನು ಹುಡುಕುವವರಂತೆ ತುಸು ಬಾಗಿ ನಡೆಯುತ್ತಿದ್ದರು. ಎದುರಾದವರ ನಮಸ್ಕಾರಕ್ಕೆ ಕೈಯೇನೋ ಏಳುತ್ತಿತ್ತು, ದೃಷ್ಟಿ ಮಾತ್ರ ಮಣ್ಣನ್ನು ಬಿಟ್ಟು ಮೇಲೇಳುತ್ತಿರಲಿಲ್ಲ. ಯಾರು ಏನೇ ಹೇಳಲಿ, ಮೊದಲ ಉತ್ತರ 'ನೋಡಣ'. ಅವರ ಖಾಕಿ ಕೋಟಿನ ಜೇಬುಗಳಲ್ಲಿ ಸದಾ ಹುಲ್ಲಿನ ಬೀಜ. ಯಾವ ಜಗಲಿಯಲ್ಲಿ ಕೂತೆದ್ದರೂ ನಾಲ್ಕು ಕಾಳು ಉದುರಿರುತ್ತಿದ್ದವು.

ಮಂಚೇನಹಳ್ಳಿಯಾಚೆಯ ಗುಡ್ಡದ ಬುಡದಲ್ಲಿ ಅರವತ್ತು ಕುರಿ ಸಾಕಿಕೊಂಡಿದ್ದ ಕದಿರಮ್ಮನಿಗೆ ಮೊದಮೊದಲು ಅವರನ್ನು ಕಂಡರಾಗುತ್ತಿರಲಿಲ್ಲ. ಸಾವಿರದ ಒಂಬೈನೂರ ಐವತ್ತೆಂಟರಲ್ಲಿ ಸರ್ಕಾರದ ಭೂಸಂರಕ್ಷಣೆಯ ಯೋಜನೆ ಬಂದಿತ್ತು: ಮಳೆನೀರು ಮಣ್ಣನ್ನು ಕೊಚ್ಚಿಕೊಂಡು ಹೋಗದಂತೆ ಗುಡ್ಡಕ್ಕೆ ಅಡ್ಡಲಾಗಿ ಬದು ಹಾಕುವುದು, ಮೇಲಿನ ಗೋಮಾಳದಲ್ಲಿ ಹುಲ್ಲು ಬಿತ್ತಿ ಎರಡು ವರ್ಷ ಮೇಯಿಸದೆ ಬಿಡುವುದು. ಬದುವಿನ ಗುರುತಿಗೆ ನಲ್ಲಪ್ಪನವರು ನೆಟ್ಟ ಗೂಟಗಳನ್ನು ಕದಿರಮ್ಮ ಒಂದೂ ಬಿಡದೆ ಕಿತ್ತು ಒಲೆಗಿಟ್ಟಳು.

ಮೇಲಿನವರಿಗೆ ದೂರು ಬರೆದುಹಾಕಿ ಎಂದು ಪಟೇಲ ಚೆನ್ನರಾಯಪ್ಪ ಹೇಳಿದ. ನಲ್ಲಪ್ಪನವರು ಬರೆಯಲಿಲ್ಲ, ಅವಳ ಅಂಗಳಕ್ಕೇ ಹೋಗಿ, ನೀರು ಕೇಳಿ ಕುಡಿದು, ಯಾಕೆ ಕಿತ್ತಿರಿ ಎಂದು ಮೆಲ್ಲಗೆ ವಿಚಾರಿಸಿದರು.

"ನೀರು ನಿಮ್ಮ ಗೂಟದ ಮಾತು ಕೇಳಲ್ಲ ಸಾಮಿ. ಮೂಡ್ಲು ಮಗ್ಗುಲಾಗೆ ನುಗ್ತದೆ. ಅಲ್ಲಿ ಬದು ಒಡೆದ್ರೆ ಕೆಳಗಿರೋ ನನ್ನ ಕುರಿರೊಪ್ಪ ಉಳಿಯಲ್ಲ."

"ನೋಡಣಮ್ಮ," ಎಂದು ಎದ್ದುಹೋದರು.

ಅಲ್ಲಿಗೆ ಮುಗಿಯಿತೆಂದುಕೊಂಡಿದ್ದಳು ಕದಿರಮ್ಮ. ಆದರೆ ಮೊದಲ ಬಿರುಮಳೆಯಲ್ಲೇ ಅವರು ಸೈಕಲ್ಲು ತಳ್ಳಿಕೊಂಡು ಬಂದು, ಗೋಣಿಯ ಗೊಪ್ಪೆ ಹೊದ್ದು ಗುಡ್ಡ ಹತ್ತಿದರು; ಅವಳೂ ಹಿಂದೆಯೇ ಹತ್ತಿದಳು. ಅವಳು ಹೇಳಿದ ಕಡೆಯೇ ಕೆಂಪು ನೀರು ಬಂಡೆಗಳನ್ನು ಬಳಸಿ ಧುಮುಕಿತು. ಬಹಳ ಹೊತ್ತು ನೋಡಿ ಅವರೆಂದರು: "ನೀವು ಹೇಳಿದ್ದೇ ಸರಿ ಕಣಮ್ಮ. ನಾನು ನೆಟ್ಟಿದ್ದು ತಪ್ಪು."

ಖಾಕಿ ತೊಟ್ಟವರೊಬ್ಬರು ತನ್ನೆದುರು ತಪ್ಪೆಂದು ಒಪ್ಪಿಕೊಂಡದ್ದು ಅವಳ ಜೀವಮಾನದಲ್ಲಿ ಅದೇ ಮೊದಲು.

ಮಂಜೂರಾದ ನಕ್ಷೆಯನ್ನು ತಿದ್ದಿಸಲು ಅವರು ಮೂರು ಸಲ ಗೌರಿಬಿದನೂರಿಗೆ ಅಲೆದರು. ಕುರಿ ಕಾಯುವವಳ ಮಾತಿಗೆ ನಕ್ಷೆ ಬದಲಿಸಬೇಕೆ ಎಂದು ಮೇಲಧಿಕಾರಿ ರೇಗಿದಾಗ, ಆ ಮಳೆ ನಾನು ಕಣ್ಣಾರೆ ಕಂಡಿದ್ದೇನೆ, ತಾವೂ ಒಮ್ಮೆ ಬಂದು ನೋಡಬೇಕು ಎಂದರಂತೆ. ಜೊತೆಗೆ ಹೋಗಿದ್ದ ಚೆನ್ನರಾಯಪ್ಪನೇ ಹೇಳಿದ್ದು. ಕಡೆಗೆ ಒಪ್ಪಿಗೆ ಸಿಕ್ಕಿತು. ಬದು ಮೇಲಕ್ಕೆ ಸರಿಯಿತು, ಹೆಚ್ಚಾದ ನೀರು ಹರಿದುಹೋಗಲು ಮೂಡಲಿಗೆ ಕಲ್ಲಿನ ಕೋಡಿ ಬಂತು. ಹೊಸ ಗೂಟ ನೆಡುವಾಗ ಅಳತೆಯ ಹಗ್ಗದ ಇನ್ನೊಂದು ತುದಿ ಹಿಡಿದವಳು ಕದಿರಮ್ಮ. ಬೀಳುಬಿಟ್ಟ ಎರಡು ವರ್ಷ ಕುರಿಗಳ ಗತಿಯೇನೆಂದು ಅವಳು ಕೇಳಿದ್ದಕ್ಕೆ, ಹುಲ್ಲಿಗೆ ಕುರಿ ಬಾಯಿ ಹಾಕಿಸಬೇಡಿ, ಕುಡುಗೋಲು ಹಾಕಿ, ಬೇರು ಉಳಿಯುತ್ತದೆ ಎಂದು ಹೇಳಿ ಕೊಯ್ದೊಯ್ಯಲು ಅನುಮತಿ ಕೊಡಿಸಿದರು.

ಮೂರನೆಯ ಮಳೆಗಾಲಕ್ಕೆ ಬೋಳುಗುಡ್ಡದಲ್ಲಿ ಮೊಳಕಾಲುದ್ದ ಹುಲ್ಲು ತೊನೆದಾಡಿತು. ನಲ್ಲಪ್ಪನವರಿಗೆ ಚಿಂತಾಮಣಿಗೆ ವರ್ಗವಾದಾಗ ಕದಿರಮ್ಮ ಕಂಬಳಿಯೊಂದನ್ನು ತಂದಳು. ನೌಕರ ಹೀಗೆಲ್ಲ ತೆಗೆದುಕೊಳ್ಳಬಾರದು ಎಂದು ಅವರು ಹಿಂಜರಿದರು.

"ನಂದೇನಿಲ್ಲ ಸಾಮಿ, ಆ ಗುಡ್ಡದ ಹುಲ್ಲೇ ಇದು. ಉಣ್ಣೆ ಆಗೈತೆ, ಅಷ್ಟೆ."

ಅವರು ಎರಡೂ ಕೈ ಚಾಚಿದರು.

ಕಲಿಸಲು ಹೊರಟವರು ನಾಡಿನಲ್ಲಿ ಅಸಂಖ್ಯ. ಕಲಿಸಹೋದಲ್ಲಿ ತಾವೇ ಕಲಿತು, ಕಲಿತದ್ದನ್ನು ತಮಗಿಂತ ಮೇಲಿನವರೆದುರು ನಿಂತು ಹೇಳಬಲ್ಲವರು ವಿರಳ. ಅಂಥವರು ಇದ್ದುಹೋದ ಊರಿನಲ್ಲಿ, ಸರ್ಕಾರ ನಿಮಗೇನು ಮಾಡಿತು ಎಂದು ಕೇಳಿದರೆ, ಜನ ಇಲಾಖೆಯ ಹೆಸರು ಹೇಳುವುದಿಲ್ಲ. ಒಬ್ಬ ಮನುಷ್ಯನ ಹೆಸರು ಹೇಳುತ್ತಾರೆ.